ಗೂಗಲ್‌ನಲ್ಲಿ ಅನುವಿಗಿಂತ ಮೇಲೆ

ಅನು ಪಾರ್ಲರ್ ಬಿಟ್ಟು ಹೋದಾಗ ಗಗನಳಿಗೆ ಬೇಸರವಾಗಿತ್ತೇ ಹೊರತು ದ್ವೇಷ ಹುಟ್ಟಿರಲಿಲ್ಲ. ಕೂಡಿ ವ್ಯಾಪಾರ ಮಾಡಿದವರು ಒಂದು ದಿನ ಬೇರೆಯಾಗುತ್ತಾರೆ. ಹಾಗೆ ಬೇರೆಯಾದ ಅಂಗಡಿಗಳು ಅಗ್ರಹಾರದ ಬೀದಿಯಲ್ಲೇ ಎದುರುಬದುರು ನಿಂತಿರುವುದನ್ನು ಅವಳು ದಿನವೂ ನೋಡುತ್ತಿದ್ದಳು. ಕುರ್ಚಿ, ಕನ್ನಡಿಗಳನ್ನು ಹಂಚಿಕೊಂಡರು. ಸ್ಟೀಮರ್ ಒಬ್ಬಳಿಗೆ, ಡ್ರೈಯರ್ ಇನ್ನೊಬ್ಬಳಿಗೆ. ಅನು ರಾಮಕೃಷ್ಣನಗರದಲ್ಲಿ ಹೊಸ ಜಾಗ ಹಿಡಿದಳು. ಗಗನ ಪೂಜಾಸಾಮಗ್ರಿ ಅಂಗಡಿಯ ಮಹಡಿ ಮೇಲಿನ ಹಳೆಯ ಜಾಗದಲ್ಲೇ ಉಳಿದಳು. ಹೊರಡುವ ದಿನ ಇಬ್ಬರೂ ಒಟ್ಟಿಗೆ ಕೂತು ಕಾಫಿ ಕುಡಿದಿದ್ದರು.

ದ್ವೇಷ ಹುಟ್ಟಿದ್ದು ನಂಜನಗೂಡಿನಿಂದ ಬಂದ ಒಂದು ಫೋನ್ ಕರೆಯಿಂದ.

"ಗಗನಾ ಮೇಡಂ, ನೀವು ಮದ್ವೆ ಕೆಲ್ಸ ಬುಟ್ಬುಟ್ರಂತೆ?" ಎಂದರು ಆ ಕಡೆಯ ಹೆಂಗಸು. ಅವರ ದೊಡ್ಡ ಮಗಳನ್ನು ಧಾರೆಗೆ ಸಿಂಗರಿಸಿದ್ದು ಗಗನಳೇ. ಈಗ ಚಿಕ್ಕವಳ ಮದುವೆ. ಗೂಗಲ್‌ನಲ್ಲಿ ‘ಸಿಂಗಾರ ಪಾರ್ಲರ್’ ಎಂದು ಹುಡುಕಿ, ಅದು ತೋರಿಸಿದ ದಾರಿಯಲ್ಲೇ ಹೋಗಿ ರಾಮಕೃಷ್ಣನಗರದಲ್ಲಿ ಇಳಿದು, ಅಡ್ವಾನ್ಸ್ ಕೊಟ್ಟಾದ ಮೇಲೆ ಗಗನ ಎಲ್ಲಿ ಎಂದು ವಿಚಾರಿಸಿದ್ದರು.

"ಅವ್ರು ಈಗ ಮದ್ವೆ ಮೇಕಪ್ ತಗೋತಿಲ್ಲ, ಮನೇಲವ್ರೆ ಅಂದ್ರು. ನಂಗ್ಯಾಕೋ ಅನುಮಾನ ಬಂತು. ಹಳೇ ಫೋನ್‌ನಲ್ಲಿ ನಿಮ್ಮ ನಂಬರ್ ಇತ್ತು, ಮಾಡ್ದೆ."

"ಯಾರು ಹಂಗಂದಿದ್ದು?"

"ಅದೇ, ನಿಮ್ಜೊತೆ ಇದ್ರಲ್ಲ. ಮಾತಾಡೋರು."

ಗಿರಾಕಿಗಳಿಗೆ ಇಬ್ಬರ ಗುರುತೂ ಹಾಗೇ ಇತ್ತು. ಗಗನ ಕೆಲಸದವಳು, ಅನು ಮಾತಿನವಳು. ತಿ. ನರಸೀಪುರದ ಕಡೆಯ ಎರಡು ಹಳ್ಳಿಗಳಿಂದ ಬಂದು, ಬ್ಯೂಟಿಷಿಯನ್ ಕೋರ್ಸಿನಲ್ಲಿ ಒಂದೇ ಬೆಂಚಿನಲ್ಲಿ ಕೂತು, ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದು, ಆಮೇಲೆ ಜೊತೆಯಾಗಿ ‘ಸಿಂಗಾರ’ ತೆರೆದವರು. ಬ್ರಷ್ಷು ಗಗನಳ ಕೈಯಲ್ಲಿ, ಫೋನು ಅನುವಿನ ಕೈಯಲ್ಲಿ. ಫೋಟೋ ತೆಗೆಯುವುದು, ಬುಕಿಂಗ್ ಹಿಡಿಯುವುದು, ಗೂಗಲ್‌ನಲ್ಲಿ ಪಾರ್ಲರಿನ ಹೆಸರು ಹಾಕಿ ನೋಡಿಕೊಳ್ಳುವುದು ಎಲ್ಲ ಅನುವಿನ ಪಾಲಿಗಿತ್ತು. ಗಗನ ಆ ಕಡೆ ತಲೆ ಹಾಕಿರಲೇ ಇಲ್ಲ.

ಫೋನ್ ಇಟ್ಟವಳೇ ಗೂಗಲ್ ತೆರೆದು ‘ಸಿಂಗಾರ’ ಎಂದು ಬರೆದಳು. ಬಂದದ್ದು ‘ಅನು ಬ್ರೈಡಲ್ ಸ್ಟುಡಿಯೋ’. ವಿಳಾಸ ರಾಮಕೃಷ್ಣನಗರದ್ದು. ಕೆಳಗೆ, ಅಷ್ಟು ವರ್ಷಗಳಿಂದ ಮದುಮಗಳಂದಿರು ಬರೆದಿದ್ದ ರಿವ್ಯೂಗಳೆಲ್ಲ ಒಂದೂ ಬಿಡದೆ ಹಾಗೇ ಇದ್ದವು. ಅನು ಹಳೆಯ ಖಾತೆಯ ಹೆಸರು, ವಿಳಾಸ, ನಂಬರು ಬದಲಾಯಿಸಿ, ಮನೆಯ ಜೊತೆಗೆ ಮನೆಯೊಳಗಿನವರನ್ನೂ ಎತ್ತಿಕೊಂಡು ಹೋದಂತೆ ಎಲ್ಲವನ್ನೂ ತನ್ನದಾಗಿಸಿಕೊಂಡಿದ್ದಳು.

ಗಗನ ಒಂದೊಂದಾಗಿ ಓದಿದಳು. ‘ಗಗನಕ್ಕನ ಕೈ ಮುಟ್ಟಿದ್ದೇ ಗೊತ್ತಾಗಲ್ಲ’ ಎಂದು ಒಬ್ಬಳು. ‘ಅಳುತ್ತಾ ಕೂತಿದ್ದೆ, ಗಗನಕ್ಕ ಒಂದು ಮಾತೂ ಬಯ್ಯದೆ ಮತ್ತೆ ಮೊದಲಿಂದ ಕಾಡಿಗೆ ಹಚ್ಚಿದರು’ ಎಂದು ಇನ್ನೊಬ್ಬಳು. ಕತ್ತಿನಿಂದ ಗಲ್ಲದವರೆಗೆ ಬಿಳಿ ಮಚ್ಚೆ ಇದ್ದ ಹುಡುಗಿಯೊಬ್ಬಳು ಬರೆದಿದ್ದಳು: ‘ಮುಚ್ಚಲೋ ಬಿಡಲೋ, ನಿನಗೆ ಹೇಗೆ ಬೇಕು ಅಂತ ನನ್ನನ್ನೇ ಕೇಳಿದರು. ಇದುವರೆಗೆ ಯಾರೂ ಕೇಳಿರಲಿಲ್ಲ.’ ಆ ಹುಡುಗಿಯ ಮುಖ ಗಗನಳಿಗೆ ಈಗಲೂ ನೆನಪಿತ್ತು. ಎಲ್ಲದರ ಕೆಳಗೂ ಒಂದೇ ಉತ್ತರವಿತ್ತು: ‘ಧನ್ಯವಾದಗಳು. ಪ್ರೀತಿಯಿಂದ, ಅನು.’

ಕೂಡಲೇ ಫೋನ್ ಮಾಡಿದಳು.

"ಅಕೌಂಟು ನನ್ನ ಜಿಮೇಲ್‌ದು ಕಣೇ," ಎಂದಳು ಅನು. ದನಿಯಲ್ಲಿ ಅಳುಕಿರಲಿಲ್ಲ. "ಫೋನಿನ ರಗಳೆಯೆಲ್ಲ ನೀನೇ ನೋಡ್ಕೋ ಅಂದಿದ್ದು ಯಾರು?"

"ಅದ್ರಲ್ಲಿರೋದು ನನ್ನ ಹೆಸ್ರು ಅನು."

"ನಿನ್ನ ಹೆಸ್ರನ್ನ ನಾನೇನು ಅಳ್ಸಿಲ್ವಲ್ಲ."

"ನಾನು ಮದ್ವೆ ಕೆಲ್ಸ ಬಿಟ್ಟೆ ಅಂತ ಯಾಕೆ ಹೇಳ್ದೆ?"

"ಗಿರಾಕಿ ಕೂತಿದಾರೆ, ಆಮೇಲೆ ಮಾಡ್ತೀನಿ," ಎಂದು ಅನು ಇಟ್ಟುಬಿಟ್ಟಳು. ಆಮೇಲೆ ಮಾಡಲಿಲ್ಲ.

ಅವತ್ತಿನಿಂದ ಗಗನಳ ತಲೆಯಲ್ಲಿ ಬೇರೇನೂ ಉಳಿಯಲಿಲ್ಲ. ಹುಬ್ಬು ತಿದ್ದುವಾಗಲೂ ಅದೇ, ಅನ್ನಕ್ಕೆ ಸಾರು ಬಡಿಸಿಕೊಳ್ಳುವಾಗಲೂ ಅದೇ. ಅನು ಬೆಳಿಗ್ಗೆ ಎದ್ದು ಫೋನ್ ತೆಗೆದರೆ ಮೊದಲು ಕಾಣುವ ಹೆಸರು ತನ್ನದಾಗಬೇಕು. ಅದರ ಕೆಳಗೆ, ದೂರದಲ್ಲೆಲ್ಲೋ ಅವಳದ್ದು. ಅದನ್ನು ನೋಡಿ ಅವಳ ಮುಖ ಹೇಗೆ ಬಾಡಬಹುದು ಎಂದು ಕಲ್ಪಿಸಿಕೊಂಡಾಗಲೆಲ್ಲ ಗಗನಳಿಗೆ ಬಾಯಿ ಸಿಹಿಯಾದಂತಾಗುತ್ತಿತ್ತು.

ಅಶೋಕಪುರಂನ ಸಂಘಮಿತ್ರಳ ನೆನಪಾಯಿತು. ಅವಳ ಅಕ್ಕನ ಮದುವೆಗೆ ಗಗನಳೇ ಹೋಗಿದ್ದಳು. ಹುಡುಗಿ ಈಗ ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವ, ಗೂಗಲ್‌ನಲ್ಲಿ ಅವು ಕಾಣುವಂತೆ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದಳು. ಗಾಣದೆಣ್ಣೆಯವರು, ಹೂಗಿಡದ ನರ್ಸರಿಯವರು, ಒಬ್ಬ ಹಲ್ಲಿನ ಡಾಕ್ಟರು ಅವಳ ಗಿರಾಕಿಗಳು.

ಗಗನ ಎಲ್ಲ ಹೇಳಿದಳು. ಸಂಘಮಿತ್ರ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು.

"ಗೂಗಲ್‌ಗೆ ಕಂಪ್ಲೇಂಟ್ ಕೊಡೋಣ ಗಗನಕ್ಕ. ಆದ್ರೆ ಖಾತೆ ಅವ್ರ ಹೆಸ್ರಲ್ಲೇ ಇತ್ತು, ಅಂಗಡಿ ಜಾಗ ಬದ್ಲಾಯ್ತು ಅಂತ ಅವ್ರಂದ್ರೆ ಅದು ಒಪ್ಕೊಂಡ್ಬುಡುತ್ತೆ. ಅದ್ರ ಮೇಲೆ ಆಸೆ ಇಟ್ಕೋಬೇಡಿ. ಹೊಸದಾಗಿ ನಿಮ್ಮ ಹೆಸ್ರಲ್ಲೇ ಶುರು ಮಾಡೋಣ."

"ಮಾಡಮ್ಮ. ಅವಳಿಗಿಂತ ಮೇಲೆ ಬರ್ಬೇಕು, ಅಷ್ಟೇ. ಶ್ರಾವಣದ ಲಗ್ನಗಳು ಶುರುವಾಗೋದ್ರೊಳಗೆ."

ಸಂಘಮಿತ್ರ ಪರದೆಯನ್ನು ಅವಳ ಕಡೆ ತಿರುಗಿಸಿ ‘ಮೈಸೂರು ಬ್ರೈಡಲ್ ಮೇಕಪ್’ ಎಂದು ಬರೆದಳು. "ನೋಡಿ. ಮೊದ್ಲು ಬರೋದು ಜಾಹೀರಾತು, ದುಡ್ಡು ಕೊಟ್ಟೋರು. ಆಮೇಲೆ ದೊಡ್ಡ ದೊಡ್ಡ ಪಟ್ಟಿ ಸೈಟುಗಳು, ದೇಶದ ಪಾರ್ಲರೆಲ್ಲ ಅದ್ರಲ್ಲವೆ. ಆಮೇಲೆ ಹತ್ತಾರು ವರ್ಷದಿಂದ ಇರೋರು. ಈಗಷ್ಟೇ ಹುಟ್ಟೋ ಖಾತೆನ ಅವ್ರ ತಲೆ ಮೇಲೆ ಕೂರಿಸ್ತೀನಿ ಅಂತ ನಾನು ಮಾತು ಕೊಡಕ್ಕಾಗಲ್ಲ. ಯಾರೂ ಕೊಡಕ್ಕಾಗಲ್ಲ. ಕೊಟ್ರೆ ಸುಳ್ಳು."

"ಮತ್ತೆ ಏನಾಗುತ್ತೆ ನಿನ್ಕೈಲಿ?"

"ನೀವು ಏನು ಚೆನ್ನಾಗಿ ಮಾಡ್ತೀರೋ ಅದನ್ನ ಬರೀಬೋದು. ಕಪ್ಪು ಮೈಬಣ್ಣಕ್ಕೆ ಸುಣ್ಣ ಬಳಿದಂಗೆ ಮಾಡ್ದೆ ಮೇಕಪ್ ಮಾಡ್ತೀರಿ. ಬಿಳಿ ಮಚ್ಚೆ ಇರೋರಿಗೆ ಮಾಡ್ತೀರಿ. ಅದನ್ನ ಹುಡ್ಕೋರು ಕಮ್ಮಿ, ಆದ್ರೆ ಹುಡ್ಕೋರು ನಿಮ್ಮನ್ನೇ ಹುಡುಕ್ತಾರೆ. ಹೊಸದಾಗಿ ಬರೋ ಮದುಮಗಳಂದಿರ ಹತ್ರ ನಿಜವಾದ ರಿವ್ಯೂ ಕೇಳಿ. ಹಳಬರನ್ನೂ ಕೇಳಿ, ಅವ್ರು ಬರೆದಿದ್ದನ್ನ ಅವ್ರೇ ಅಲ್ಲಿಂದ ತೆಗೆದು ಇಲ್ಲಿ ಹಾಕ್ಬೋದು. ಎಲ್ರೂ ಮಾಡಲ್ಲ, ಕೆಲವ್ರು ಮಾಡ್ತಾರೆ. ಆರು ತಿಂಗ್ಳಿಗೆ ಏನೋ ಒಂಚೂರು ಅಲ್ಲಾಡಿದ್ದು ಕಾಣುತ್ತೆ. ವರ್ಷ ಅಂದ್ಕೊಳ್ಳಿ."

"ವರ್ಷ," ಎಂದಳು ಗಗನ. "ಅಷ್ಟೊತ್ತಿಗೆ ಅವಳು ನನ್ನ ಹೆಸರು ಹೇಳ್ಕೊಂಡು ಬ್ರ್ಯಾಂಚ್ ಓಪನ್ ಮಾಡಿರ್ತಾಳೆ."

"ಇನ್ನೊಂದು ಮಾತು. ನಿಮ್ಮ ಫೋನಲ್ಲಿ ನಿಮ್ಮ ಪಾರ್ಲರಲ್ಲೇ ನಿಂತು ಹುಡುಕಿದ್ರೆ ನೀವೇ ಮೇಲೆ ಕಾಣ್ಬೋದು. ಅದನ್ನ ನಂಬ್ಬೇಡಿ. ನಿಮ್ಮ ಹೆಸರೇ ಗೊತ್ತಿಲ್ದೋರು ಹುಡುಕ್ದಾಗ ಕಂಡ್ರೆ ಅದು ಲೆಕ್ಕ."

ಗಗನ ಯೋಚಿಸಿ ಹೇಳುತ್ತೇನೆ ಎಂದು ಎದ್ದಳು. ಹುಡುಗಿ ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಅವಳಿಗೆ ಬೇಕಾಗಿದ್ದದ್ದು ಗಿರಾಕಿಗಳಲ್ಲ.

ಅಂಗಡಿಗಳನ್ನು ಗೂಗಲ್‌ನಲ್ಲಿ ಮೇಲೆ ತರುವುದಾಗಿ ಹೇಳಿಕೊಳ್ಳುತ್ತಿದ್ದ ಅಭಿಲಾಷ್‌ನ ಆಫೀಸಿನಲ್ಲಿ ಎ.ಸಿ. ತಣ್ಣಗಿತ್ತು. ಗೋಡೆಯ ತುಂಬ ಮೇಲೇರುವ ಬಾಣಗಳ ಚಿತ್ರ. ಅವನು ಗಗನಳಿಗೆ ಕಾಫಿ ತರಿಸಿ, ಅವಳ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ತಲೆಯಾಡಿಸತೊಡಗಿದ.

"ಒಂದು ತಿಂಗ್ಳು ಕೊಡಿ ಮೇಡಂ. ಫಸ್ಟ್ ಪ್ಲೇಸ್, ಗ್ಯಾರಂಟಿ. ಆಷಾಢ ಮುಗಿಯೋದ್ರೊಳಗೆ ಆಗೋಗುತ್ತೆ."

"ಅವಳು ಕೆಳಗೆ ಹೋಗ್ಬೇಕು."

"ಅದಕ್ಕೂ ದಾರಿ ಇದೆ." ಅಭಿಲಾಷ್ ಸ್ವಲ್ಪ ಮುಂದೆ ಬಾಗಿದ. "ನಿಮಗೆ ಫೈವ್ ಸ್ಟಾರ್ ಹಾಕೋಕೆ ನಮ್ಮ ಹುಡುಗರಿದಾರೆ. ಅವ್ರಿಗೆ ಒನ್ ಸ್ಟಾರ್ ಹಾಕೋದಿದ್ರೆ ಮಾತ್ರ ಮ್ಯಾಟರ್ ನೀವೇ ಬರ್ಕೊಟ್ರೆ ಒಳ್ಳೇದು. ನಮ್ಮೋರು ಬರೆದ್ರೆ ಎಲ್ಲ ಒಂದೇ ಥರ ಇರುತ್ತೆ, ಗೊತ್ತಾಗ್ಬುಡುತ್ತೆ. ನಿಮಗೆ ಒಳಗಿನ ವಿಷ್ಯ ಗೊತ್ತಿರುತ್ತಲ್ಲ."

ಆಷಾಢದಲ್ಲಿ ಮದುವೆಗಳಿಲ್ಲ. ಪಾರ್ಲರಿಗೆ ದಿನಕ್ಕೊಬ್ಬರೋ ಇಬ್ಬರೋ ಹುಬ್ಬು ತಿದ್ದಿಸಲು ಬರುತ್ತಿದ್ದರು. ಉಳಿದ ಹೊತ್ತೆಲ್ಲ ಗಗನ ಗಿರಾಕಿಗಳ ಕುರ್ಚಿಯಲ್ಲಿ ತಾನೇ ಕೂತು ಫೋನಿನಲ್ಲಿ ಬರೆದಳು. ಹಿಂದೆ ಇಂಥದ್ದೇನನ್ನೂ ಬರೆದವಳಲ್ಲ. ಆದರೆ ಕೈ ನಿಲ್ಲಲಿಲ್ಲ. ಮದುಮಗಳ ಮುಖಕ್ಕೆ ಗಂಧೆ ಎದ್ದಿತು ಎಂದು ಬರೆದಳು. ಮುಹೂರ್ತ ಮೀರಿದರೂ ಬರಲಿಲ್ಲ ಎಂದು ಬರೆದಳು. ಮೇಕಪ್ ಬೆವರಿಗೆ ಇಳಿದು ರೇಷ್ಮೆ ಸೀರೆಯ ಅಂಚೆಲ್ಲ ಹಾಳಾಯಿತು ಎಂದು ಬರೆದಳು. ಒಮ್ಮೆ ಊರಿನ ಅಜ್ಜಿಯ ಧಾಟಿಯಲ್ಲಿ, ಒಮ್ಮೆ ಕಾಲೇಜು ಹುಡುಗಿಯಂತೆ ಬರೆದಳು. ಒಂದೊಂದನ್ನು ಅಭಿಲಾಷ್‌ಗೆ ಕಳಿಸಿದಾಗಲೂ ಕುದಿಯುವ ಎದೆಯ ಮೇಲೆ ಯಾರೋ ನೀರು ಚಿಮುಕಿಸಿದಂತೆ ಹಿತವಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಕುದಿ ಏಳುತ್ತಿತ್ತು. ಮತ್ತೊಂದು ಬರೆಯುತ್ತಿದ್ದಳು.

ಗಂಧೆ, ತಡ, ಬೆವರು ಎಲ್ಲ ಖರ್ಚಾದ ಮೇಲೆ ಲೂರ್ದುಮೇರಿಯ ನೆನಪಾಯಿತು.

ಲೂರ್ದುಮೇರಿ ‘ಸಿಂಗಾರ’ದಲ್ಲಿ ಮೊದಲಿನಿಂದಲೂ ಜೊತೆಗಿದ್ದವಳು. ಹುಬ್ಬಿಗೆ ದಾರ ಹಿಡಿಯುವುದರಲ್ಲಿ, ಜಡೆಗೆ ಮೊಗ್ಗು ಹೆಣೆಯುವುದರಲ್ಲಿ ಎತ್ತಿದ ಕೈ. ಇಬ್ಬರಿಗಿಂತಲೂ ದೊಡ್ಡವಳು. ಪಾರ್ಲರ್ ಒಡೆದಾಗ ಅನುವಿನ ಜೊತೆ ಹೋದಳು. ಮನೆಗೆ ಆಧಾರ ಅವಳ ಸಂಬಳವೇ, ಅನು ಹೆಚ್ಚು ಕೊಡುತ್ತೇನೆಂದಿದ್ದಳು. ಹೋಗುವಾಗ ಗಗನಳ ಮುಖ ನೋಡಲಾರದೆ ನೆಲ ನೋಡುತ್ತಾ ಹೋಗಿದ್ದಳು. ಗಗನ ಅದನ್ನೂ ಮರೆತಿರಲಿಲ್ಲ.

ಗಗನಳಿಗೊಬ್ಬಳಿಗೇ ಗೊತ್ತಿದ್ದ ಇನ್ನೊಂದು ವಿಷಯವಿತ್ತು. ಹಿಂದಿನ ಚಳಿಗಾಲದಿಂದ ಲೂರ್ದುಮೇರಿಯ ಬಲಗೈ ಕೆಲವೊಮ್ಮೆ ನಡುಗುತ್ತಿತ್ತು. ಹೇಳಿಕೊಂಡು ಅತ್ತಿದ್ದಳು. ಅನುವಿಗೂ ತಿಳಿಸಬೇಡಿ ಎಂದಿದ್ದಳು. ಆಗ ಗಗನ ಯಾರಿಗೂ ಅನುಮಾನ ಬಾರದ ಹಾಗೆ ಅವಳನ್ನು ಜಡೆ ಕೆಲಸಕ್ಕೆ ಸರಿಸಿ, ಹುಬ್ಬಿನ ಕೆಲಸವನ್ನು ತಾನೇ ನೋಡಿಕೊಂಡಿದ್ದಳು.

ಈಗ ಅದನ್ನು ಬರೆದಳು. ‘ಹುಬ್ಬು ಮಾಡುವ ವಯಸ್ಸಾದ ಹೆಂಗಸಿಗೆ ಬಲಗೈ ನಡುಗುತ್ತದೆ. ನನ್ನ ತಂಗಿಯ ಕಣ್ಣಿನ ಹತ್ತಿರ ಕೊಯ್ದು ರಕ್ತ ಬಂತು. ಇಂಥವರನ್ನು ಯಾಕೆ ಇಟ್ಟುಕೊಂಡಿದ್ದಾರೋ.’ ತಂಗಿಯೂ ಇರಲಿಲ್ಲ, ರಕ್ತವೂ ಬಂದಿರಲಿಲ್ಲ. ಕಳಿಸುವ ಮುಂಚೆ ಬೆರಳು ಒಂದು ಗಳಿಗೆ ತಡೆಯಿತು. ಅನುವಿನ ಪಾರ್ಲರಿನ ಬಗ್ಗೆ ತಾನೇ ಬರೆದದ್ದು, ಲೂರ್ದಕ್ಕನ ಹೆಸರೇನೂ ಹಾಕಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಒತ್ತಿದಳು.

ಆಷಾಢ ಮುಗಿಯುವ ಮುಂಚೆಯೇ ಅಭಿಲಾಷ್ ಫೋನ್ ಮಾಡಿದ. "ಹುಡುಕಿ ನೋಡಿ ಮೇಡಂ." ಗಗನ ಪಾರ್ಲರಿನ ಕಿಟಕಿಯ ಹತ್ತಿರ ನಿಂತು ಹುಡುಕಿದಳು. ಅವನು ಹೊಸದಾಗಿ ತೆರೆದಿದ್ದ ‘ಗಗನ ಬ್ರೈಡಲ್ ಮೇಕಪ್’ ಖಾತೆ ಎಲ್ಲಕ್ಕಿಂತ ಮೇಲಿತ್ತು. ಅನುವಿನ ಹೆಸರಿಗಾಗಿ ಬೆರಳಿನಿಂದ ಕೆಳಗೆ ಸರಿಸುತ್ತಾ ಹೋಗಬೇಕಾಯಿತು. ಸಂಘಮಿತ್ರ ಹೇಳಿದ್ದು ನೆನಪಾಗಲಿಲ್ಲವೆಂದಲ್ಲ. ನೆನಪಾದದ್ದನ್ನು ತಳ್ಳಿಹಾಕಿದಳು. ಅವತ್ತು ಮನೆಗೆ ಹೋಗುವಾಗ ಮೈಸೂರ್‌ಪಾಕ್ ಕಟ್ಟಿಸಿಕೊಂಡು ಹೋದಳು. ಗಂಡ ವಿಜಯ್‌ಕುಮಾರ್ ಏನು ವಿಶೇಷ ಎಂದು ಕೇಳಿದ.

"ಅನುಗೆ ಸರಿಯಾಗಿ ಆಗಿದೆ," ಎಂದಳು.

ಅವನು ಒಂದು ತುಂಡು ಬಾಯಿಗೆ ಹಾಕಿಕೊಂಡು, "ಅವಳಿಗೆ ಏನಾಯ್ತು ಅಂತ ಬಿಡು. ನಿಂಗೆ ಬುಕಿಂಗ್ ಬಂತಾ?" ಎಂದ. ಗಗನ ಪೊಟ್ಟಣವನ್ನು ಮತ್ತೆ ಕಟ್ಟಿಟ್ಟಳು.

ಶ್ರಾವಣ ಬಂತು. ಬುಕಿಂಗ್ ಬರಲಿಲ್ಲ. ಬಂದವಳು ಲೂರ್ದುಮೇರಿ.

ಮಧ್ಯಾಹ್ನದ ಹೊತ್ತು. ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತಳು. ಸೀರೆ ನೀಟಾಗಿ ಉಟ್ಟಿದ್ದಳು, ಕೆಲಸ ಕೇಳಲು ಬಂದವರು ಉಡುವಂತೆ.

"ಬನ್ನಿ ಲೂರ್ದಕ್ಕ, ಕೂತ್ಕೊಳಿ."

"ಅನು ಮೇಡಂ ಬರ್ಬೇಡಿ ಅಂದ್ಬುಟ್ರು," ಎಂದಳು, ಕುರ್ಚಿಯ ತುದಿಯಲ್ಲಿ ಕೂತು. "ಯಾರೋ ಗೂಗಲ್ಲಲ್ಲಿ ನನ್ಮೇಲೆ ಬರ್ದವ್ರಂತೆ. ಕಣ್ಣತ್ರ ಕುಯ್ದುಬುಟ್ಟೆ ಅಂತ. ನಾನು ಯಾರ್ಗೂ ಕುಯ್ದಿಲ್ಲ ಮೇಡಂ. ಮಾತೆಯಾಣೆ. ಎಷ್ಟು ನೆನಪು ಮಾಡ್ಕಂಡ್ರೂ ಅಂತಾ ಹುಡ್ಗಿ ನೆಪ್ಪಿಗೆ ಬರ್ತಿಲ್ಲ."

ಗಗನ ಕಾಫಿ ಮಾಡುತ್ತೇನೆಂದು ಒಳಗೆ ತಿರುಗಿದಳು. ಹಾಲಿನ ಪಾತ್ರೆ ಕೈಗೆ ಸಿಕ್ಕರೂ ಸ್ಟವ್ ಹಚ್ಚುವುದು ಮರೆಯಿತು.

"ಕೈ ಮುಂದೆ ಚಾಚಿ ಅಂದ್ರು ಅನು ಮೇಡಂ, ಎಲ್ರ ಮುಂದೆ. ಚಾಚ್ದೆ. ಎದ್ರಿಕೆಗೆ ಇನ್ನೂ ಜಾಸ್ತಿ ನಡುಗ್ತು. ಇಷ್ಟು ದಿನ ಯಾಕೆ ಮುಚ್ಚಿಟ್ರಿ ಅಂದ್ರು. ಎಂಗೆ ಗೊತ್ತಾಯ್ತು ಅಂತ ನಂಗೇ ತಿಳೀತಿಲ್ಲ ಮೇಡಂ. ಅಲ್ಲಿ ನಾನು ನಡುಗಿದ್ ಕೈಲಿ ಕೆಲ್ಸ ಮಾಡ್ಲೇ ಇಲ್ಲ, ಅಂತಾ ದಿನ ತಲೆನೋವು ಅಂತ ರಜ ಹಾಕ್ಬುಡ್ತಿದ್ದೆ. ಮನೇಲೂ ಹೇಳಿರ್ಲಿಲ್ಲ. ನಿಮ್ಗೊಬ್ರಿಗೇ..."

ಮಾತು ಅಲ್ಲಿಗೆ ನಿಂತಿತು.

ಗಗನ ತಿರುಗಿ ನೋಡಲಿಲ್ಲ. ಎದುರಿನ ಕನ್ನಡಿಯಲ್ಲಿ ಲೂರ್ದುಮೇರಿಯ ಮುಖ ಕಾಣುತ್ತಿತ್ತು. ಅವಳು ಗಗನಳ ಬೆನ್ನನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಮೊದಲು ಗೊಂದಲವಿತ್ತು. ಆಮೇಲೆ ಇರಲಿಲ್ಲ.

"ನೀವಾ?" ಎಂದಳು.

ಇಲ್ಲ ಎನ್ನಲು ಗಗನ ಬಾಯಿ ತೆರೆದಳು. "ಅನು ಮೇಲಿನ ಸಿಟ್ಟಿಗೆ ಲೂರ್ದಕ್ಕ," ಎಂದಳು ಕೊನೆಗೆ.

"ಅನು ಮೇಡಂ ಮೇಲಿನ ಸಿಟ್ಗೆ," ಎಂದು ಲೂರ್ದುಮೇರಿ ಮೆಲ್ಲಗೆ ಹೇಳಿದಳು. ಎದ್ದಳು. ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಎಡಗೈಯಲ್ಲಿ ಗೋಡೆ ಹಿಡಿದು ಮೆಟ್ಟಿಲಿಳಿದು ಹೋದಳು. ಗಗನಳಿಗೆ ಕರೆಯಬೇಕೆನಿಸಿತು. ಕರೆದು ಏನು ಹೇಳುವುದೆಂದು ತಿಳಿಯಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಗಗನಳ ಖಾತೆಯೇ ಮಾಯವಾಯಿತು. ಒಂದು ಬೆಳಿಗ್ಗೆ ಹುಡುಕಿದರೆ ಹೆಸರಿಲ್ಲ. ನಿಯಮ ಮೀರಿದ್ದಕ್ಕಾಗಿ ಅಮಾನತು ಮಾಡಲಾಗಿದೆ ಎಂದು ಗೂಗಲ್‌ನಿಂದ ಒಂದು ಮೇಲ್ ಬಂದಿತ್ತು. ಅನುವಿನ ಖಾತೆಯ ಮೇಲಿದ್ದ ಒಂದು ಸ್ಟಾರಿನ ರಿವ್ಯೂಗಳೂ ಒಂದೊಂದಾಗಿ ಅಳಿಸಿಹೋದವು. ಅವಳು ಮೊದಲಿದ್ದಲ್ಲೇ ಗಟ್ಟಿಯಾಗಿ ಕೂತಿದ್ದಳು. ಗಗನ ಅಭಿಲಾಷ್‌ಗೆ ಫೋನ್ ಮಾಡಿದಳು.

"ಹೊಸ ಅಪ್‌ಡೇಟ್ ಬಂದಿದೆ ಮೇಡಂ, ಎಲ್ರಿಗೂ ಹಂಗೇ ಆಗಿದೆ," ಎಂದ. ಮತ್ತೆ ಮಾಡಿದಾಗ ಎತ್ತಲಿಲ್ಲ.

ಅಶೋಕಪುರಂಗೆ ಹೋಗಲು ಗಗನಳಿಗೆ ಮುಖವಿರಲಿಲ್ಲ. ಆದರೂ ಹೋದಳು. ಏನನ್ನೂ ಮುಚ್ಚಿಡದೆ ಹೇಳಿದಳು, ಲೂರ್ದುಮೇರಿಯ ವಿಷಯವನ್ನೂ. ಸಂಘಮಿತ್ರ ಕಂಪ್ಯೂಟರ್ ಕಡೆ ತಿರುಗಿದಳು.

"ಸುಳ್ಳು ಫೈವ್ ಸ್ಟಾರ್ ಎಲ್ಲ ಹಾಕ್ಸಿದ್ದು ನಿಜ ಅಂತ ಒಪ್ಕೊಂಡು ಮನವಿ ಬರೀತೀನಿ. ವಾಪಸ್ ಬಂದ್ರೆ ಬಂತು," ಎಂದಳು. "ಬಂದ್ರೆ ಸೊನ್ನೆಯಿಂದ ಶುರು. ನಾನು ಅವತ್ತು ಹೇಳಿದ್ದಕ್ಕಿಂತ ಇನ್ನೂ ತಡ ಆಗುತ್ತೆ. ಲೂರ್ದಕ್ಕಂದು ನನ್ಕೈಲಿ ಏನೂ ಮಾಡಕ್ಕಾಗಲ್ಲ."

ದಸರೆಯ ದೀಪಗಳೆಲ್ಲ ಇಳಿದ ಮೇಲೆ ಖಾತೆ ವಾಪಸು ಬಂತು. ಬರಿದಾಗಿ ಬಂತು, ಒಂದು ರಿವ್ಯೂ ಇಲ್ಲದೆ. ಸಂಘಮಿತ್ರ ಹೇಳಿದ ಹಾಗೆ ಗಗನ ತನ್ನ ಕೆಲಸದ ಬಗ್ಗೆ ಬರೆಸಿದಳು, ಒಪ್ಪಿದವರ ಫೋಟೋ ಮಾತ್ರ ಹಾಕಿಸಿದಳು. ಹಳೆಯ ಮದುಮಗಳಂದಿರಿಗೆ ಫೋನ್ ಮಾಡಿದಳು. ಹಲವರ ನಂಬರು ಬದಲಾಗಿತ್ತು. ಕೆಲವರು ‘ಮಾಡ್ತೀನಿ ಅಕ್ಕ’ ಎಂದು ಮರೆತರು.

ಮೊದಲ ರಿವ್ಯೂ ಬಿತ್ತು. ಗಗನ ಆಸೆಯಿಂದ ತೆರೆದಳು. ಒಂದು ಸ್ಟಾರ್. ಬರೆದವರ ಹೆಸರು ಲೂರ್ದುಮೇರಿ.

‘ನಾನು ಈ ಮೇಡಂ ಹತ್ತಿರ ಬಹಳ ವರ್ಷ ಕೆಲಸ ಮಾಡಿದ್ದೇನೆ. ಇವರ ಕೆಲಸ ಚೆನ್ನಾಗಿದೆ. ನನ್ನ ಕೈ ನಡುಗುವ ವಿಷಯ ನಂಬಿ ಇವರೊಬ್ಬರಿಗೇ ಹೇಳಿದ್ದೆ. ಬೇರೆಯವರ ಮೇಲಿನ ಸಿಟ್ಟಿಗೆ ಇವರು ಅದನ್ನು ಊರಿಗೆಲ್ಲ ಬರೆದು, ಜೊತೆಗೆ ಸುಳ್ಳು ಸೇರಿಸಿ, ನನ್ನ ಕೆಲಸ ತೆಗೆಸಿದರು. ಇವರ ಮುಂದೆ ಕೂತಾಗ ಮುಖ ತೋರಿಸಿ, ಮನಸ್ಸಿನ ಮಾತು ಹೇಳಬೇಡಿ.’

ಗಗನ ಅದನ್ನು ಎಷ್ಟು ಸಲ ಓದಿದಳೋ. ಓದಿದಷ್ಟೂ ಅದರಲ್ಲಿ ಅಲ್ಲಗಳೆಯುವಂಥ ಒಂದು ಪದ ಸಿಗಲಿಲ್ಲ. ತಾನು ಅಷ್ಟೊಂದು ಸುಳ್ಳು ಹೆಣೆದು ಮಾಡಲಾಗದ್ದನ್ನು ಲೂರ್ದಕ್ಕ ನಿಜ ಹೇಳಿ ಮಾಡಿದ್ದಳು. ಆ ಕೊನೆಯ ಸಾಲು ಬರೆಸುವಾಗ ಅವಳ ಎದೆಗೆ ಬಿದ್ದಿರಬಹುದಾದ ತಂಪು ಎಂಥದ್ದೆಂದು ಗಗನಳಿಗೆ ಚೆನ್ನಾಗಿ ಗೊತ್ತಿತ್ತು.

ಕಾರ್ತಿಕದ ಒಂದು ಮದುವೆಯಲ್ಲಿ ಅನು ಎದುರಾದಳು. ಹೆಣ್ಣಿನ ಕಡೆಗೆ ಗಗನ, ಗಂಡಿನ ತಂಗಿಯರಿಗೆ ಅನು. ಛತ್ರದ ಮಹಡಿಯ ಪಡಸಾಲೆಯಲ್ಲಿ, ಒಬ್ಬಳು ನೀರು ತುಂಬಿಸಿಕೊಂಡು ಬರುತ್ತಿದ್ದಾಗ ಇನ್ನೊಬ್ಬಳು ಮೇಕಪ್ ಪೆಟ್ಟಿಗೆ ಹಿಡಿದು ಹೋಗುತ್ತಿದ್ದಳು.

"ಲೂರ್ದಕ್ಕ ಬರ್ದಿದ್ದು ಓದ್ದೆ," ಎಂದಳು ಅನು. ತುಟಿಯಂಚಿನಲ್ಲಿ ನಗು. "ನಂಗೆ ಅಷ್ಟು ಚೆನ್ನಾಗಿ ಬರೆಯಕ್ಕಾಗ್ತಿರ್ಲಿಲ್ಲ ಕಣೇ."

"ಎಲ್ರ ಮುಂದೆ ಕೈ ಚಾಚ್ಸಿ ಕೆಲ್ಸದಿಂದ ತೆಗೆದೋಳು ನೀನು."

"ಬರ್ದೋಳು ನೀನು."

"ಹೌದು, ನಾನೇ. ನನ್ನ ಮದುಮಕ್ಕಳನ್ನ ಕದ್ದು ಇದಕ್ಕೆಲ್ಲ ಶುರು ಹಚ್ಚಿದ್ದು ನೀನು."

ಅನುವಿನ ನಗು ಹೋಯಿತು. "ನಿನ್ನ ಮದುಮಕ್ಕಳು. ಮದ್ವೆ ಮುಗಿಸ್ಕೊಂಡು ನೀನು ಬ್ರಷ್ ತೊಳೆದು ಮನೆಗೋಗ್ತಿದ್ದೆ. ಒಬ್ಬೊಬ್ರಿಗೂ ಫೋನ್ ಮಾಡಿ, ಮೆಸೇಜ್ ಮಾಡಿ, ಬರೀರಿ ಬರೀರಿ ಅಂತ ದುಂಬಾಲು ಬಿದ್ದು ಬರೆಸಿದ್ದು ಯಾರು? ಬಾಣಂತನ ಆದೋರನ್ನೂ ಬಿಡ್ಲಿಲ್ಲ ನಾನು. ನಾನು ಬರೆಸ್ದೆ ಇದ್ರೆ ನಿನ್ನ ಹೆಸ್ರು ಅಲ್ಲಿ ಎಲ್ಲಿರ್ತಿತ್ತು? ಒಂದ್ಸಲನಾದ್ರೂ ನೀನು ಅದನ್ನ ಕೆಲ್ಸ ಅಂದಿದ್ಯಾ? ರಗಳೆ ಅಂದೆ."

ಗಗನಳಿಗೆ ಹೊಡೆದಂತಾಯಿತು. ಆದರೆ ಮೆತ್ತಗಾಗುವ ಮನಸ್ಸು ಬರಲಿಲ್ಲ. "ಕೆಲ್ಸ ಅಂತ್ಲೇ ಇಟ್ಕೊ. ಅದಕ್ಕೆ ನಾನು ಮನೇಲಿ ಕೂತಿದೀನಿ ಅಂತ ಹೇಳ್ಬೇಕಿತ್ತಾ?"

ಅನು ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. "ಅದು ತಪ್ಪು," ಎಂದಳು, ಕಲ್ಲು ಎಸೆಯುವಂತೆ. "ಆದ್ರೆ ಖಾತೆ ಕೊಡಲ್ಲ." ವಾಲಗ ಶುರುವಾಯಿತು. ಇಬ್ಬರೂ ತಮ್ಮ ತಮ್ಮ ಕೋಣೆಗೆ ಹೋದರು.

ಮಾರನೆಯ ದಿನ ಗಗನ ಲೂರ್ದುಮೇರಿಯ ರಿವ್ಯೂ ಕೆಳಗೆ ಉತ್ತರ ಬರೆಯಲು ಕೂತಳು. ‘ಇದು ನಿಜ. ಬರೆದವಳು ನಾನೇ.’ ಮುಂದೆ ಇನ್ನೊಂದು ಸಾಲು ತಾನಾಗಿಯೇ ಬಂತು: ‘ಆದರೆ ವಿಚಾರಿಸದೆ, ಎಲ್ಲರ ಮುಂದೆ ಅವಮಾನ ಮಾಡಿ ಇವರನ್ನು ಕೆಲಸದಿಂದ ತೆಗೆದದ್ದು ಅನು ಬ್ರೈಡಲ್ ಸ್ಟುಡಿಯೋ.’ ಸುಳ್ಳೇನಲ್ಲ. ಓದಿಕೊಂಡಾಗ ಬಾಯಿ ಮತ್ತೆ ಸಿಹಿಯಾಯಿತು. ಅದೇ ರುಚಿ, ಆಷಾಢದ ಮಧ್ಯಾಹ್ನಗಳದ್ದು. ಗಗನ ಬೆರಳನ್ನು ಎತ್ತಿ ಹಿಡಿದೇ ಕೂತಿದ್ದಳು. ಲೂರ್ದಕ್ಕನ ಕೈಯನ್ನು ಹಿಡಿದು ಇನ್ನೊಮ್ಮೆ ಅನುವಿಗೆ ಬಾರಿಸಲು ಹೊರಟಿದ್ದೇನೆ ಎಂದು ಅರಿವಾಗಲು ಹೊತ್ತು ಹಿಡಿಯಿತು. ಎರಡನೆಯ ಸಾಲನ್ನು ಅಳಿಸಿದಳು. ಅಳಿಸುವುದು ಬಹಳ ಕಷ್ಟವಾಯಿತು. ಉಳಿದದ್ದನ್ನು ಹಾಗೇ ಹಾಕಿದಳು.

ಭಾನುವಾರ ಪೂಜೆ ಮುಗಿದಿರಬಹುದಾದ ಹೊತ್ತಿಗೆ, ಚರ್ಚಿನ ಹಿಂದಿನ ಬೀದಿಯಲ್ಲಿದ್ದ ಲೂರ್ದುಮೇರಿಯ ಮನೆಗೆ ಹೋದಳು. ಬಾಗಿಲು ತೆರೆದದ್ದು ಲೂರ್ದುಮೇರಿಯೇ. ಒಳಗೆ ಬನ್ನಿ ಎನ್ನಲಿಲ್ಲ.

"ಅಳ್ಸು ಅಂತ ಕೇಳಕ್ಕೆ ಬಂದ್ರಾ?"

"ಇಲ್ಲ."

"ಅಳ್ಸಲ್ಲ ನಾನು. ಮಗ ಮಾರ್ಟಿನ್‌ಗೂ ಹೇಳಿವ್ನಿ, ನಾನು ಸತ್ರೂ ಅಳ್ಸಬ್ಯಾಡ ಅಂತ."

"ಬೇಡ ಲೂರ್ದಕ್ಕ. ಅಳ್ಸಬೇಡಿ." ಗಗನ ಹೊಸ್ತಿಲಿನ ಹೊರಗೇ ನಿಂತಿದ್ದಳು. "ಜಡೆ ಕೆಲ್ಸಕ್ಕೆ ಜನ ಬೇಕು. ಮೊಗ್ಗು ಹೆಣೆಯೋಕೆ. ನೀವು ಬಂದ್ರೆ..."

"ಸ್ಕೂಲ್ ವ್ಯಾನಲ್ಲಿ ಆಯಾ ಕೆಲ್ಸ ಸಿಕ್ತು. ಮಕ್ಕಳನ್ನ ಹತ್ಸೋದು ಇಳ್ಸೋದು. ಕೈ ನಡುಗಿದ್ರೆ ಅವು ತಮಾಷೆ ಅಂತ ಗಟ್ಟಿಯಾಗಿ ಹಿಡ್ಕೋತವೆ." ಲೂರ್ದುಮೇರಿ ಬಾಗಿಲಿನ ಚಿಲಕದ ಮೇಲೆ ಕೈ ಇಟ್ಟಳು. "ನಿಮ್ಮ ಹೆಸ್ರು ಹುಡ್ಕೋರಿಗೆಲ್ಲ ನಂದೂ ಕಾಣ್ಲಿ ಮೇಡಂ. ನಂಗೆ ಅಷ್ಟು ಸಾಕು."

ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

ಈಗ ವರ್ಷ ಕಳೆದಿದೆ. ‘ಮೈಸೂರು ಬ್ರೈಡಲ್ ಮೇಕಪ್’ ಎಂದು ಹುಡುಕಿದರೆ ಅನು ಇನ್ನೂ ಗಗನಳಿಗಿಂತ ಮೇಲೆಯೇ ಇದ್ದಾಳೆ, ಬಹುಶಃ ಮುಂದೆಯೂ ಇರುತ್ತಾಳೆ. ಬಿಳಿ ಮಚ್ಚೆ ಇರುವವರಿಗೆ ಮದುವೆ ಮೇಕಪ್ ಯಾರು ಮಾಡುತ್ತಾರೆ ಎಂದು ಹುಡುಕುವವರಿಗೆ ಮಾತ್ರ ಗಗನಳ ಹೆಸರು ಮೊದಲ ಪುಟದಲ್ಲಿ ಕಾಣುತ್ತದೆ. ಅಂಥವರು ಹಾಸನದಿಂದ, ಮಂಡ್ಯದಿಂದ, ಚಾಮರಾಜನಗರದಿಂದ ಫೋನ್ ಮಾಡುತ್ತಾರೆ. ಹಳೆಯ ಮದುಮಗಳಂದಿರಲ್ಲಿ ಕೆಲವರು ತಾವು ಬರೆದದ್ದನ್ನು ಅಲ್ಲಿಂದ ತೆಗೆದು ಇಲ್ಲಿ ಹಾಕಿದ್ದಾರೆ. ಅಲ್ಲಿ ಒಂದು ಕಡಿಮೆಯಾದಾಗಲೆಲ್ಲ ಗಗನ ಹೋಗಿ ನೋಡುತ್ತಾಳೆ. ನೋಡಬಾರದೆಂದು ಎಷ್ಟು ಅಂದುಕೊಂಡರೂ ನೋಡುತ್ತಾಳೆ.

ಲೂರ್ದುಮೇರಿಯದು ಎಲ್ಲಕ್ಕಿಂತ ಮೇಲೆಯೇ ಇದೆ. ಹೆಚ್ಚು ಜನ ಓದುವುದನ್ನು ಗೂಗಲ್ ಮೇಲೆ ಇಡುತ್ತದೆ, ಒಳ್ಳೆಯವು ಬಂದ ಹಾಗೆ ನಿಧಾನವಾಗಿ ಇಳಿದೀತು, ಯಾವಾಗ ಎಂದು ಹೇಳಲಾರೆ ಎಂದು ಸಂಘಮಿತ್ರ ಹೇಳಿದ್ದಾಳೆ. ಅದರ ಕೆಳಗಿನ ‘ಉಪಯುಕ್ತ’ ಎಂಬ ಗುಂಡಿ ಒತ್ತಿದವರಲ್ಲಿ ಒಬ್ಬಳು ಅನು ಎಂಬುದರಲ್ಲಿ ಗಗನಳಿಗೆ ಅನುಮಾನವಿಲ್ಲ.

ಮೊನ್ನೆ ಒಬ್ಬ ಹುಡುಗಿ ತಾಯಿಯ ಜೊತೆ ಬಂದಿದ್ದಳು. ಕುರ್ಚಿಯಲ್ಲಿ ಕೂತು, ಗಗನ ಅವಳ ಗಲ್ಲವನ್ನು ಬೆಳಕಿಗೆ ತಿರುಗಿಸುತ್ತಿದ್ದಾಗ ಕೇಳಿದಳು: "ಅದು ನಿಜಾನಾ ಮೇಡಂ? ಆ ಕೈ ನಡುಗೋರು ಬರ್ದಿರೋದು? ಕೆಳಗೆ ನೀವೂ ಹೌದು ಅಂದಿದೀರ."

"ನಿಜ ಕಣಮ್ಮ," ಎಂದಳು ಗಗನ.

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಇನ್ನೊಂದು ಕಡೆ ವಿಚಾರಿಸಿಕೊಂಡು ಬರುತ್ತೇವೆಂದು ತಾಯಿ ಎದ್ದರು. ಗಗನ ಹುಡುಗಿಯ ಕತ್ತಿನಿಂದ ಟವೆಲ್ ಬಿಚ್ಚಿ ಮಡಿಸಿಟ್ಟಳು. ಮೆಟ್ಟಿಲು ಕಡಿದಾಗಿದೆ, ನೋಡಿಕೊಂಡು ಇಳಿಯಿರಿ ಎಂದಳು.